ಕ್ರಿಯಾಟಿನಿನ್ ನಾರ್ಮಲ್, ಆದರೂ ಗಂಟೆಗೊಮ್ಮೆ ಮೂತ್ರ ಅಳೆಯುತ್ತಿದ್ದಾರೆ: ಅಪ್ಪನ ಕಿಡ್ನಿಗೆ ಏನಾಗುತ್ತಿದೆ?

ತೋಟದಮನೆ_ತಿಪಟೂರು (ಗುರುವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಬರೆಯುತ್ತಿದ್ದೇನೆ.

ಅಪ್ಪನಿಗೆ 58 ವರ್ಷ, ತೂಕ ಸುಮಾರು 60 ಕೆಜಿ. ಶುಗರ್ ಇಲ್ಲ, ಬಿಪಿ ಇಲ್ಲ. ಮಂಗಳವಾರ ಸಂಜೆ ಮೋಟರ್ ಹಾಕಲು ಹೋದಾಗ ತೆಂಗಿನ ಗರಿ ರಾಶಿಯ ಪಕ್ಕ ಕೊಳಕುಮಂಡಲ ಪಾದಕ್ಕೆ ಕಚ್ಚಿತು. ಹಾವನ್ನು ಅಪ್ಪನೇ ನೋಡಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಮೊದಲು ಹೋದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನೋವಿಗೆ ಅಂತ ಸೊಂಟಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟು ಒಂದೂವರೆ ಗಂಟೆ ಕೂರಿಸಿಕೊಂಡರು. ಆಮೇಲೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ರಕ್ತ ಇಟ್ಟು ನೋಡಿದರು, ಹೆಪ್ಪುಗಟ್ಟಲಿಲ್ಲ. ತಕ್ಷಣ 10 ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಔಷಧಿ) ಹಾಕಿದರು, ನಂತರ ಇನ್ನೂ 10. ಬಿಪಿ ಬಿದ್ದಿದ್ದರಿಂದ ಐಸಿಯುಗೆ ಹಾಕಿದರು. ಈಗ ರಕ್ತ ಹೆಪ್ಪುಗಟ್ಟುತ್ತಿದೆ, ಬಿಪಿಯೂ ಪರವಾಗಿಲ್ಲ.

ನನ್ನ ಗೊಂದಲ ಇದು. ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಬುಧವಾರ 1.1, ಇವತ್ತು ಬೆಳಿಗ್ಗೆ 1.3. ರಿಪೋರ್ಟಿನಲ್ಲೇ 0.7ರಿಂದ 1.3 ನಾರ್ಮಲ್ ಅಂತ ಬರೆದಿದೆ. ಆದರೆ ಡಾಕ್ಟರು ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಯೂರಿನ್ ಕಡಿಮೆ ಬರುತ್ತಿದೆ ಅನ್ನುತ್ತಾರೆ. ಸಿಸ್ಟರ್ ಗಂಟೆಗೊಮ್ಮೆ ಬಂದು ಅಳೆದು ಬರೆಯುತ್ತಾರೆ. ಕೊನೆಯ 6 ಗಂಟೆಯದ್ದನ್ನು ಕೇಳಿ ಬರೆದುಕೊಂಡೆ: 22, 18, 20, 15, 12, 10 ಎಂಎಲ್. ಬಣ್ಣ ಕಡು ಚಹಾದ ಹಾಗಿದೆ. ಇವತ್ತು ಎರಡು ಸಲ ಯೂರಿನ್ ಲ್ಯಾಬಿಗೂ ಹೋಯಿತು, ಒಂದಕ್ಕೆ ಸೋಡಿಯಂ, ಇನ್ನೊಂದಕ್ಕೆ ಮೈಕ್ರೋಸ್ಕೋಪಿ ಅಂತ ಬರೆದಿದ್ದರು.

ರಕ್ತದ ರಿಪೋರ್ಟ್ ಚೆನ್ನಾಗಿದ್ದರೆ ಮೂತ್ರ ನೋಡಿ ಹೆದರುವುದು ಯಾಕೆ? ಯಾವುದನ್ನು ನಂಬಬೇಕು? ಅಮ್ಮನಿಗೆ ಏನು ಹೇಳಲಿ ಅಂತ ಗೊತ್ತಾಗುತ್ತಿಲ್ಲ. ದಯವಿಟ್ಟು ಗೊತ್ತಿದ್ದವರು ಹೇಳಿ.

---

ರಾತ್ರಿಪಾಳಿ_ಸಿಸ್ಟರ್ (ರಾತ್ರಿ 11:15)

ಅಣ್ಣಾ, ಮೊದಲು ಏನಾದರೂ ತಿಂದು ಬನ್ನಿ. ನಿಮ್ಮ ಅಪ್ಪನ ಹತ್ತಿರ ಈಗ ಜನ ಇದ್ದಾರೆ.

ನಾನು 11 ವರ್ಷದಿಂದ ಐಸಿಯುನಲ್ಲಿ ಸ್ಟಾಫ್ ನರ್ಸ್. ನೀವು ನೋಡುತ್ತಿರುವ ಆ ಗಂಟೆಗಂಟೆಯ ಅಳತೆ ಸುಮ್ನೆ ಬರೆಯೋ ಲೆಕ್ಕ ಅಲ್ಲ. ಬ್ಯಾಗಿನ ಮೇಲ್ಗಡೆ ಗೆರೆ ಇರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ನೋಡಿರಬಹುದು. ಅದಕ್ಕೆ ಯೂರೋಮೀಟರ್ ಅನ್ನುತ್ತೇವೆ. ಗಂಟೆಯಾದ ಮೇಲೆ ಅದನ್ನು ಓದಿ, ಕೆಳಗಿನ ಬ್ಯಾಗಿಗೆ ಬಿಟ್ಟು, ಖಾಲಿ ಮಾಡಿ ಮತ್ತೆ ಶುರು ಮಾಡುತ್ತೇವೆ. ಸಾಮಾನ್ಯ ಬ್ಯಾಗಿನಲ್ಲಿ 10 ಎಂಎಲ್ ಬಂತೋ 30 ಬಂತೋ ಗೊತ್ತೇ ಆಗುವುದಿಲ್ಲ. ಹುಷಾರಿಲ್ಲದವರಲ್ಲಿ ಆ 20 ಎಂಎಲ್ ವ್ಯತ್ಯಾಸವೇ ದೊಡ್ಡದು.

ಯೂರಿನ್ ಕಡಿಮೆ ಆಯಿತು ಅಂದ ಕೂಡಲೇ ಕಿಡ್ನಿ ಹೋಯಿತು ಅಂತ ನಾವು ತೀರ್ಮಾನ ಮಾಡುವುದಿಲ್ಲ. ಮೊದಲು ಪೈಪ್ ನೋಡುತ್ತೇವೆ. ಕ್ಯಾಥೆಟರ್ ಮಡಚಿಕೊಂಡಿದೆಯಾ, ತೊಡೆಯ ಕೆಳಗೆ ಸಿಕ್ಕಿದೆಯಾ, ಪಕ್ಕದಿಂದ ಸೋರಿ ಬೆಡ್‌ಶೀಟ್ ಒದ್ದೆಯಾಗಿದೆಯಾ. ಹಾವು ಕಚ್ಚಿದವರಲ್ಲಿ ಮೂತ್ರದಲ್ಲಿ ರಕ್ತ ಹೋಗಿ ಸಣ್ಣ ಗಡ್ಡೆ ಕಟ್ಟಿ ಕ್ಯಾಥೆಟರ್ ಮುಚ್ಚಿಕೊಳ್ಳುವುದೂ ಉಂಟು. ನನ್ನ ಪಾಳಿಯಲ್ಲೇ ಒಬ್ಬರಿಗೆ ಎರಡು ಗಂಟೆ ಸೊನ್ನೆ ಬಂದಿತ್ತು. ಎಲ್ಲರಿಗೂ ಗಾಬರಿ. ಮೂತ್ರಚೀಲಕ್ಕೆ ಸ್ಕ್ಯಾನ್ ಇಟ್ಟು ನೋಡಿದರೆ ತುಂಬಿ ನಿಂತಿತ್ತು. ಕ್ಯಾಥೆಟರ್ ಬದಲಿಸಿದ ಕೂಡಲೇ 500 ಎಂಎಲ್ ಮೇಲೆ ಬಂತು. ಅವರ ಕಿಡ್ನಿ ಚೆನ್ನಾಗಿಯೇ ಇತ್ತು. ಹಾಗಾಗಿ ನೀವು ಧೈರ್ಯವಾಗಿ ಕೇಳಬಹುದು: "ಸಿಸ್ಟರ್, ಕ್ಯಾಥೆಟರ್ ಬ್ಲಾಕ್ ಆಗಿಲ್ಲ ತಾನೇ, ಒಂದು ಸಲ ನೋಡಿದ್ದೀರಾ?" ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಒಳಗೆ ಹೋದಾಗ ಬ್ಯಾಗನ್ನು ಮೇಲೆತ್ತಬೇಡಿ. ಮಂಚಕ್ಕಿಂತ ಮೇಲೆ ಹೋದರೆ ಯೂರಿನ್ ವಾಪಸ್ ಒಳಗೆ ಹರಿಯುತ್ತದೆ, ಇನ್ಫೆಕ್ಷನ್ ಆಗುತ್ತದೆ. ಪಾಪ, ಬಗ್ಗಿ ನೋಡೋಕೆ ಆಗದೆ ಎತ್ತಿ ನೋಡುವವರು ತುಂಬಾ ಜನ.

---

ಡ್ಯೂಟಿಡಾಕ್ಟರ್_ದಾವಣಗೆರೆ (ರಾತ್ರಿ 11:50)

ನಾನು ಮೆಡಿಸಿನ್ ಡಾಕ್ಟರ್. ನಿಮ್ಮ ಅಪ್ಪನನ್ನು ನಾನು ನೋಡಿಲ್ಲ, ಹಾಗಾಗಿ ಚಿಕಿತ್ಸೆ ಬಗ್ಗೆ ಅಲ್ಲಿನವರ ಮಾತೇ ಕೊನೆ. ಆದರೆ ನಿಮ್ಮ ಪ್ರಶ್ನೆ ಸರಿಯಾದ ಪ್ರಶ್ನೆ.

ಕ್ರಿಯಾಟಿನಿನ್ ಅನ್ನೋದು ಮಾಂಸಖಂಡಗಳಿಂದ ದಿನವೂ ರಕ್ತಕ್ಕೆ ಬರುವ ಕಸ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಈ ಕ್ಷಣ ಪೂರ್ತಿ ನಿಂತರೂ ರಕ್ತದಲ್ಲಿ ಕ್ರಿಯಾಟಿನಿನ್ ಈ ಕ್ಷಣ ಏರುವುದಿಲ್ಲ. ಕೆರೆಯ ತೂಬು ಮುಚ್ಚಿದ ಕೂಡಲೇ ಕೋಡಿ ಬೀಳುತ್ತದಾ? ಇಲ್ಲ. ನೀರು ತುಂಬಬೇಕು, ಅದಕ್ಕೆ ಹೊತ್ತು ಬೇಕು. ಇಲ್ಲಿ ಆ ಹೊತ್ತು ಒಂದರಿಂದ ಎರಡು ದಿನ. ಅದರ ಜೊತೆ ಅಪ್ಪನಿಗೆ ಬಿಪಿ ಬಿದ್ದಾಗ ಲೀಟರುಗಟ್ಟಲೆ ಡ್ರಿಪ್ ಹಾಕಿರುತ್ತಾರೆ, ಅದರಿಂದ ರಕ್ತ ತೆಳುವಾಗಿ ಕ್ರಿಯಾಟಿನಿನ್ ಇನ್ನೂ ಕಡಿಮೆ ಕಾಣುತ್ತದೆ. ತುಂಬಾ ದಿನ ಮಲಗಿ ಮಾಂಸಖಂಡ ಕರಗಿದವರಲ್ಲೂ ಅಷ್ಟೇ, ಸಂಖ್ಯೆ ಚೆನ್ನಾಗಿರುತ್ತದೆ, ಕಿಡ್ನಿ ಚೆನ್ನಾಗಿರುವುದಿಲ್ಲ. ಐಸಿಯುನಲ್ಲಿ ಕ್ರಿಯಾಟಿನಿನ್ ನಿನ್ನೆಯ ಸುದ್ದಿ ಹೇಳುತ್ತದೆ. ಮೂತ್ರ ಇವತ್ತಿನದು.

ಅದಕ್ಕೇ ಕೆಡಿಗೋ ಅನ್ನುವ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2012ರ ಮಾರ್ಗಸೂಚಿಯಲ್ಲಿ ಎರಡನ್ನೂ ಇಟ್ಟಿದ್ದಾರೆ. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಬೇಕು, ಅಥವಾ 7 ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟು ಆಗಬೇಕು, ಅಥವಾ ಮೂತ್ರ ಕೆಜಿಗೆ ಗಂಟೆಗೆ ಅರ್ಧ ಎಂಎಲ್‌ಗಿಂತ ಕಡಿಮೆ 6 ಗಂಟೆ ಬರಬೇಕು. ಮೂರರಲ್ಲಿ ಒಂದಿದ್ದರೂ ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ಅಪ್ಪ 60 ಕೆಜಿ, ಅಂದರೆ ಗಂಟೆಗೆ 30 ಎಂಎಲ್, 6 ಗಂಟೆಗೆ 180 ಬರಬೇಕಿತ್ತು. ನೀವು ಬರೆದದ್ದನ್ನು ಕೂಡಿಸಿದರೆ 97. ಕ್ರಿಯಾಟಿನಿನ್ ಏರಿರುವುದು 0.2 ಮಾತ್ರ, ಆ ಲೆಕ್ಕದಲ್ಲಿ ಇನ್ನೂ ಸಿಕ್ಕಿಲ್ಲ. ಮೂತ್ರದ ಲೆಕ್ಕದಲ್ಲಿ ಸಿಕ್ಕಾಯಿತು. ನಿಮ್ಮ ಡಾಕ್ಟರು ಹೇಳುತ್ತಿರುವುದು ಇದನ್ನೇ.

ಇನ್ನು ಸೋಡಿಯಂ ಯಾಕೆ? ಮೂತ್ರ ಕಡಿಮೆಯಾಗುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು, ಕಿಡ್ನಿ ಚೆನ್ನಾಗಿದೆ, ಆದರೆ ಮೇಲಿಂದ ರಕ್ತವೇ ಸಾಕಷ್ಟು ಬರುತ್ತಿಲ್ಲ. ಬಿಪಿ ಕಡಿಮೆ, ಮೈಯಲ್ಲಿ ನೀರು ಕಡಿಮೆ. ಆಗ ಜೀವ ಇರುವ ಕಿಡ್ನಿ ಒಂದು ಹನಿ ಉಪ್ಪನ್ನೂ ಬಿಟ್ಟುಕೊಡುವುದಿಲ್ಲ, ಎಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರದ ಸೋಡಿಯಂ 20ಕ್ಕಿಂತ ಕೆಳಗೆ ಹೋಗುತ್ತದೆ. ಇನ್ನೊಂದು, ಕಿಡ್ನಿಯೊಳಗಿನ ಸಣ್ಣ ನಾಳಗಳಿಗೇ ಪೆಟ್ಟು ಬಿದ್ದಿದೆ. ಅವಕ್ಕೆ ಉಪ್ಪು ಹಿಡಿಯುವ ಶಕ್ತಿಯೇ ಇಲ್ಲ, ಸೋಡಿಯಂ 40 ದಾಟುತ್ತದೆ. ಮೊದಲನೆಯದಕ್ಕೆ ಡ್ರಿಪ್ ಹಾಕಿ ಬಿಪಿ ಸರಿ ಮಾಡಿದರೆ ಸರಿಹೋಗುತ್ತದೆ. ಎರಡನೆಯದಕ್ಕೆ ಡ್ರಿಪ್ ಜಾಸ್ತಿ ಹಾಕಿದರೆ ನೀರು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಎರಡಕ್ಕೂ ಚಿಕಿತ್ಸೆ ಎದುರುಬದುರು, ಗೊತ್ತಾಯಿತಲ್ವಾ? ಆ ಒಂದು ಪರೀಕ್ಷೆಗೆ ಅಷ್ಟು ಬೆಲೆ ಇರುವುದು ಅದಕ್ಕೇ.

ಮೂತ್ರದ ಸೋಡಿಯಂ, ಕ್ರಿಯಾಟಿನಿನ್ ಮತ್ತು ಅದೇ ಹೊತ್ತಿನ ರಕ್ತದ ಸೋಡಿಯಂ, ಕ್ರಿಯಾಟಿನಿನ್ ಸಿಕ್ಕರೆ ಇಲ್ಲಿ ಹಾಕಿ. ಆ ನಾಲ್ಕರಿಂದ ಫೀನಾ ಅಂತ ಒಂದು ಲೆಕ್ಕ ಮಾಡುತ್ತೇವೆ. ಮತ್ತೆ, ಸ್ಯಾಂಪಲ್ ತೆಗೆಯುವ ಮೊದಲು ಲೇಸಿಕ್ಸ್ (ಮೂತ್ರ ಬರಿಸುವ ಔಷಧಿ) ಕೊಟ್ಟಿದ್ದರಾ ಕೇಳಿ. ಕೊಟ್ಟಿದ್ದರೆ ಆ ಲೆಕ್ಕ ಕೆಡುತ್ತದೆ, ಆಗ ಸೋಡಿಯಂ ಬದಲು ಯೂರಿಯಾ ಇಟ್ಟು ಲೆಕ್ಕ ಹಾಕಬೇಕು.

---

ಲ್ಯಾಬ್_ಕಿಟಕಿ (ಶುಕ್ರವಾರ, ಬೆಳಿಗ್ಗೆ 6:20)

ಲ್ಯಾಬ್ ಟೆಕ್ನಿಷಿಯನ್ ಕಡೆಯಿಂದ ಒಂದೆರಡು ಮಾತು, ಯಾಕಂದರೆ ಮೈಕ್ರೋಸ್ಕೋಪಿ ಬಗ್ಗೆ ಯಾರೂ ಹೇಳಲಿಲ್ಲ.

ಬಂದ ಮೂತ್ರವನ್ನು ಟ್ಯೂಬಿನಲ್ಲಿ ಹಾಕಿ ತಿರುಗಿಸುತ್ತೇವೆ. ಅಡಿಯಲ್ಲಿ ನಿಂತ ಗಸಿಯ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡುತ್ತೇವೆ. ಕಿಡ್ನಿಯ ಸಣ್ಣ ನಾಳದ ಒಳಗೋಡೆ ಸತ್ತು ಉದುರಿದಾಗ ಅದು ನಾಳದೊಳಗೇ ಗಟ್ಟಿಯಾಗಿ, ನಾಳದ್ದೇ ಅಚ್ಚಾಗಿ ಹೊರಗೆ ಬರುತ್ತದೆ. ಶಾವಿಗೆ ಒರಳಿನಿಂದ ಬಂದ ಹಾಗೆ ಅಂದುಕೊಳ್ಳಿ, ಆದರೆ ಗಿಡ್ಡ, ಕೆಸರು ಬಣ್ಣ. ನಾವು ಅದನ್ನು ಮಡ್ಡಿ ಬ್ರೌನ್ ಕಾಸ್ಟ್ ಅನ್ನುತ್ತೇವೆ. ಅದು ಕಂಡರೆ ಪೆಟ್ಟು ಬಿದ್ದಿರುವುದು ನಾಳಕ್ಕೇ ಅಂತ ತುಂಬಾ ಧೈರ್ಯವಾಗಿ ಹೇಳಬಹುದು. ಕೆಂಪು ಕಣಗಳ ಅಚ್ಚು ಕಂಡರೆ ಅದು ಬೇರೆ ಕಾಯಿಲೆ, ಸೋಸುವ ಜಾಲರಿಯದ್ದು.

ಚಹಾ ಬಣ್ಣ ಅಂದಿರಿ. ಅದಕ್ಕೆ ಒಂದು ಸುಲಭದ ಸುಳಿವು ಇದೆ. ಬಣ್ಣದ ಪಟ್ಟಿ ಅದ್ದಿದಾಗ ರಕ್ತ ಇದೆ ಅಂತ ತೋರಿಸುತ್ತದೆ, ಆದರೆ ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣವೇ ಕಾಣುವುದಿಲ್ಲ. ಆಗ ಅದು ಒಡೆದ ರಕ್ತಕಣದ ಬಣ್ಣ ಅಥವಾ ಮಾಂಸಖಂಡ ಒಡೆದು ಬಂದ ಬಣ್ಣ. ಎರಡೂ ಕಿಡ್ನಿಯ ನಾಳಕ್ಕೆ ವಿಷವೇ. ಮಂಡಲದ ಹಾವಿನಲ್ಲಿ ರಕ್ತಕಣ ಒಡೆಯುವುದು ಇದ್ದದ್ದೇ.

ಒಂದು ಕಳಕಳಿಯ ವಿನಂತಿ. ಸ್ಯಾಂಪಲ್ ನಿಮ್ಮ ಕೈಗೆ ಕೊಟ್ಟರೆ ನೇರ ಲ್ಯಾಬಿಗೆ ತನ್ನಿ. ದಾರಿಯಲ್ಲಿ ಟೀ ಕುಡಿಯೋಕೆ ನಿಲ್ಲಬೇಡಿ. ಎರಡು ಗಂಟೆ ಮೇಲಾದರೆ ಆ ಅಚ್ಚುಗಳು ಕರಗಿಹೋಗುತ್ತವೆ, ನಾವು "ಏನೂ ಕಂಡಿಲ್ಲ" ಅಂತ ಬರೆಯುತ್ತೇವೆ, ಡಾಕ್ಟರು ಏನೂ ಇಲ್ಲ ಅಂತ ಓದುತ್ತಾರೆ. ಬ್ಯಾಗಿನಲ್ಲಿ ರಾತ್ರಿಯಿಡೀ ನಿಂತ ಮೂತ್ರವೂ ಬೇಡ. ಕ್ಯಾಥೆಟರಿನ ಪೋರ್ಟ್‌ನಿಂದ ಹೊಸದಾಗಿ ತೆಗೆದದ್ದೇ ಬೇಕು. ಸಾಧ್ಯವಾದರೆ ಡಾಕ್ಟರೇ ಬಂದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡಲಿ ಅಂತ ನನ್ನ ಆಸೆ. ಈಗ ಬರುವವರು ಕಡಿಮೆ. ಹಿಂದಿನ ಹಿರಿಯ ಡಾಕ್ಟರೊಬ್ಬರು ಬೆಳಿಗ್ಗೆ ರೌಂಡ್ಸ್‌ಗೆ ಮೊದಲು ನಮ್ಮ ಲ್ಯಾಬಿಗೆ ಬಂದು ಹೋಗುತ್ತಿದ್ದರು. ರೋಗಿಯನ್ನು ನೋಡಿದ ಕಣ್ಣಿಗೂ ನಮ್ಮ ಕಣ್ಣಿಗೂ ವ್ಯತ್ಯಾಸ ಇದೆ.

---

ಹಿತೈಷಿ_ಹಾಸನ (ಶುಕ್ರವಾರ, ಬೆಳಿಗ್ಗೆ 8:05)

ಗಾಬರಿ ಆಗಬೇಡಿ ಸರ್. ನಮ್ಮ ಮಾವನವರಿಗೂ ಮೂತ್ರ ಕಟ್ಟಿದಾಗ ಎಳನೀರು, ಬಾರ್ಲಿ ನೀರು ಕೊಟ್ಟೆವು, ಸರಿಹೋಯಿತು. ನಿಮ್ಮ ತೋಟದ್ದೇ ಎಳನೀರು ಇದೆಯಲ್ಲ, ಸಿಸ್ಟರಿಗೆ ಹೇಳಿ ದಿನಕ್ಕೆ ಮೂರು ಕುಡಿಸಿ. ಜೊತೆಗೆ ಲೇಸಿಕ್ಸ್ ಹಾಕಿಸಿ, ಯೂರಿನ್ ಬಂದೇ ಬರುತ್ತದೆ. ಬಂದರೆ ಕಿಡ್ನಿ ಸರಿ ಇದೆ ಅಂತಲೇ ಅರ್ಥ.

---

ರಾತ್ರಿಪಾಳಿ_ಸಿಸ್ಟರ್ (ಶುಕ್ರವಾರ, ಬೆಳಿಗ್ಗೆ 8:30)

ಹಾಸನದವರೇ, ಒಳ್ಳೆ ಮನಸ್ಸಿನಿಂದ ಹೇಳಿದ್ದೀರಿ, ಆದರೆ ದಯವಿಟ್ಟು ಎಳನೀರು ಬೇಡ. ತೋಟದಮನೆ ಅಣ್ಣಾ, ಕೊಡಲೇಬೇಡಿ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ಮೂತ್ರ ಹೋಗದವರ ಮೈಯಲ್ಲಿ ಅದು ಹೊರಗೆ ಹೋಗಲು ದಾರಿ ಇಲ್ಲ, ರಕ್ತದಲ್ಲಿ ಏರಿ ಹೃದಯದ ಬಡಿತ ನಿಲ್ಲಿಸಿಬಿಡಬಹುದು. ಮನೆಯವರು ಪ್ರೀತಿಯಿಂದ ಬಾಟಲಿಯಲ್ಲಿ ತಂದು ನಮಗೆ ಗೊತ್ತಾಗದ ಹಾಗೆ ಕುಡಿಸಿದ್ದನ್ನು ನಾನು ಕಂಡಿದ್ದೇನೆ. ಆ ರಾತ್ರಿ ಮಾನಿಟರಿನಲ್ಲಿ ಇಸಿಜಿ ಗೆರೆ ಅಗಲ ಆಗುವುದನ್ನು ನೋಡಿದ್ದೂ ನಾನೇ. ಅದನ್ನು ಮರೆಯಲು ಆಗಿಲ್ಲ.

---

ಡ್ಯೂಟಿಡಾಕ್ಟರ್_ದಾವಣಗೆರೆ (ಶುಕ್ರವಾರ, ಬೆಳಿಗ್ಗೆ 9:10)

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ.

ಲೇಸಿಕ್ಸ್ ಬಗ್ಗೆ: ಅದು ಮೂತ್ರ ಬರಿಸುತ್ತದೆ, ಕಿಡ್ನಿಯನ್ನು ವಾಸಿ ಮಾಡುವುದಿಲ್ಲ. ಹಿಂದೆ ಕಡಿಮೆ ಡೋಸಿನ ಡೋಪಮಿನ್ ಅನ್ನುವ ಔಷಧಿ ಮೇಲೂ ಹೀಗೇ ನಂಬಿಕೆ ಇತ್ತು. 2000ದಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಐಸಿಯುಗಳಲ್ಲಿ ದೊಡ್ಡ ಪರೀಕ್ಷೆ ಮಾಡಿ ನೋಡಿದಾಗ ಕಿಡ್ನಿಗೆ ಏನೂ ಲಾಭ ಕಾಣಲಿಲ್ಲ. ಬ್ಯಾಗ್ ತುಂಬಿದ್ದು ನೋಡಿ ಸಮಾಧಾನ ಪಟ್ಟುಕೊಳ್ಳುವ ಅಭ್ಯಾಸ ನಮ್ಮ ಡಾಕ್ಟರಲ್ಲೂ ಇತ್ತು, ಬಿಡಲು ಬಹಳ ವರ್ಷ ಹಿಡಿಯಿತು.

ಆದರೆ ಲೇಸಿಕ್ಸನ್ನು ಪರೀಕ್ಷೆಯಾಗಿ ಬಳಸಬಹುದು, ಮತ್ತು ಅದು ಒಳ್ಳೆಯ ಪರೀಕ್ಷೆ. ಔಷಧಿ ಕೆಲಸ ಮಾಡಬೇಕಾದರೆ ರಕ್ತದಿಂದ ನಾಳದೊಳಗೆ ಹೋಗಬೇಕು, ನಾಳದ ಗೋಡೆ ಜೀವಂತ ಇರಬೇಕು, ಮೂತ್ರ ಹರಿಯಲು ದಾರಿ ಇರಬೇಕು. ಹಾಗಾಗಿ ಕೊಟ್ಟ ಮೇಲೆ ಎಷ್ಟು ಬಂತು ಅನ್ನೋದು ನಾಳಗಳ ಕಥೆಯನ್ನೇ ಹೇಳುತ್ತದೆ. 2013ರಲ್ಲಿ 77 ರೋಗಿಗಳ ಮೇಲೆ ಮಾಡಿದ ಅಧ್ಯಯನದಿಂದ ಈ ಅಳತೆ ಬಂತು. ಮೊದಲು ಲೇಸಿಕ್ಸ್ ತೆಗೆದುಕೊಳ್ಳದವರಿಗೆ ಕೆಜಿಗೆ 1 ಮಿಲಿಗ್ರಾಂ, ತೆಗೆದುಕೊಂಡವರಿಗೆ 1.5. ಎರಡು ಗಂಟೆಯಲ್ಲಿ 200 ಎಂಎಲ್‌ಗಿಂತ ಕಡಿಮೆ ಬಂದರೆ ಕಿಡ್ನಿ ಇನ್ನೂ ಕೆಳಗೆ ಹೋಗುವ ಸಾಧ್ಯತೆ ಹೆಚ್ಚು. ಮೈಯಲ್ಲಿ ನೀರು ಕಡಿಮೆ ಇರುವವರಿಗೆ ಇದನ್ನು ಮಾಡುವಂತಿಲ್ಲ, ಮೊದಲು ಬಿಪಿ, ನೀರು ಸರಿ ಇರಬೇಕು. ಅದಕ್ಕೇ ನೀವು ಕೇಳಿ ಹಾಕಿಸುವ ಔಷಧಿ ಅಲ್ಲ ಅದು.

---

ತೋಟದಮನೆ_ತಿಪಟೂರು (ಶುಕ್ರವಾರ, ರಾತ್ರಿ 9:25)

ಎಲ್ಲರಿಗೂ ತುಂಬಾ ಧನ್ಯವಾದ. ಎಳನೀರು ನಿಜವಾಗಲೂ ತಂದಿದ್ದೆವು. ಅಮ್ಮ ಬೆಳಿಗ್ಗೆ ಕೊಚ್ಚಿಸಿ ತುಂಬಿಸಿಕೊಂಡು ಬಂದಿದ್ದಳು. ನಿಮ್ಮ ಮಾತು ಓದಿ ಹೊರಗೇ ಇಟ್ಟುಬಿಟ್ಟೆ.

ಕ್ಯಾಥೆಟರ್ ಬಗ್ಗೆ ಕೇಳಿದೆ. ನೋಡಿದ್ದಾರೆ, ಬ್ಲಾಕ್ ಇಲ್ಲ, ಸ್ಕ್ಯಾನ್‌ನಲ್ಲೂ ಮೂತ್ರಚೀಲ ಖಾಲಿ. ಇವತ್ತು ಕ್ರಿಯಾಟಿನಿನ್ 2.0 ಆಗಿದೆ. ನೀವು ಹೇಳಿದ ಹಾಗೇ ಆಯಿತು. ನಿನ್ನೆಯ ಸ್ಯಾಂಪಲ್ ರಿಪೋರ್ಟ್ ಸರಿ ಬರಲಿಲ್ಲ ಅಂತ ಇವತ್ತು ಬೆಳಿಗ್ಗೆ ಮತ್ತೆ ತೆಗೆದರು. ಮೂತ್ರದ ಸೋಡಿಯಂ 68, ಕ್ರಿಯಾಟಿನಿನ್ 40. ರಕ್ತದ ಸೋಡಿಯಂ 136. ಆಗ ಲೇಸಿಕ್ಸ್ ಕೊಟ್ಟಿರಲಿಲ್ಲ. ಮೈಕ್ರೋಸ್ಕೋಪಿಯಲ್ಲಿ "ಗ್ರ್ಯಾನ್ಯುಲರ್ ಕಾಸ್ಟ್" ಅಂತ ಇದೆ. ಮಧ್ಯಾಹ್ನ ಲೇಸಿಕ್ಸ್ 60 ಕೊಟ್ಟು ಎರಡು ಗಂಟೆ ನೋಡಿದರು. 70 ಎಂಎಲ್ ಬಂತು.

ಡಯಾಲಿಸಿಸ್ ಬೇಕಾಗಬಹುದು, ಆದರೆ ಇವತ್ತೇ ಅಲ್ಲ ಅಂದರು. ಕಾಯುತ್ತಿರುವುದು ಯಾಕೆ ಅಂತ ತಮ್ಮ ಕೂಗಾಡುತ್ತಿದ್ದಾನೆ. ಬೆಂಗಳೂರಿನ ಭಾವ ಬೇರೆ, ಯಾವುದೋ ಹೊಸ ಯೂರಿನ್ ಟೆಸ್ಟ್ ಇದೆ, ಎನ್‌ಜಿಎಎಲ್ ಅಂತ, ಅದನ್ನು ಮಾಡಿಸಿ ಅನ್ನುತ್ತಿದ್ದಾರೆ. ಮಾಡಿಸಬೇಕಾ?

---

ಡ್ಯೂಟಿಡಾಕ್ಟರ್_ದಾವಣಗೆರೆ (ಶುಕ್ರವಾರ, ರಾತ್ರಿ 10:30)

ಫೀನಾ ಲೆಕ್ಕ ಮಾಡಿದೆ. ಮೂತ್ರದ ಸೋಡಿಯಂ 68 ಗುಣಿಸು ರಕ್ತದ ಕ್ರಿಯಾಟಿನಿನ್ 2.0, ಅದನ್ನು ರಕ್ತದ ಸೋಡಿಯಂ 136 ಗುಣಿಸು ಮೂತ್ರದ ಕ್ರಿಯಾಟಿನಿನ್ 40ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡ 2.5. ಕಿಡ್ನಿ ಸೋಸಿದ ಉಪ್ಪಿನಲ್ಲಿ ನೂರಕ್ಕೆ ಎರಡೂವರೆ ಭಾಗ ಹೊರಗೆ ಸೋರುತ್ತಿದೆ ಅಂತ ಅರ್ಥ. 1ಕ್ಕಿಂತ ಕೆಳಗಿದ್ದರೆ ರಕ್ತದ ಹರಿವಿನ ತೊಂದರೆ, 2ಕ್ಕಿಂತ ಮೇಲಿದ್ದರೆ ನಾಳದ ಪೆಟ್ಟು. ಈ ಒಂದು ಸಂಖ್ಯೆಯನ್ನೇ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಇಡೀ ಮೈ ಕೆಟ್ಟಾಗ), ರಕ್ತಕಣ ಒಡೆದವರಲ್ಲಿ ಇದು 1ಕ್ಕಿಂತ ಕಡಿಮೆ ಬಂದು ದಾರಿ ತಪ್ಪಿಸುವುದೂ ಇದೆ. ಆದರೆ ನಿಮ್ಮ ಅಪ್ಪನಲ್ಲಿ ಗಂಟೆಯ ಅಳತೆ, ಉಪ್ಪು, ಕಾಸ್ಟ್ ಅನ್ನುವ ಅಚ್ಚು, ಲೇಸಿಕ್ಸ್ ಪರೀಕ್ಷೆ ನಾಲ್ಕೂ ಒಂದೇ ಮಾತು ಹೇಳುತ್ತಿವೆ. ನಾಳಗಳಿಗೆ ಪೆಟ್ಟು ಬಿದ್ದಿದೆ. ಬಿಪಿ ಬಿದ್ದದ್ದು, ವಿಷ, ಒಡೆದ ರಕ್ತಕಣ, ಸಣ್ಣ ರಕ್ತನಾಳದಲ್ಲಿ ಕಟ್ಟಿದ ಗಡ್ಡೆ, ಎಲ್ಲ ಸೇರಿ ಹೀಗಾಗುತ್ತದೆ. ಆ ಡೈಕ್ಲೋಫೆನಾಕ್ ಕೊಡಬಾರದಿತ್ತು. ಅದೂ ಕಿಡ್ನಿಗೆ ಒಳ್ಳೆಯದಲ್ಲ, ಮತ್ತೆ ರಕ್ತ ಹೆಪ್ಪುಗಟ್ಟದವರಿಗೆ ಸೊಂಟದ ಮಾಂಸಕ್ಕೆ ಸೂಜಿ ಚುಚ್ಚುವಂತೆಯೇ ಇಲ್ಲ. ಈಗ ಅದನ್ನೇ ಯೋಚಿಸಿ ಪ್ರಯೋಜನ ಇಲ್ಲ, ಆದರೆ ಯಾವ ಔಷಧಿ ಕೊಟ್ಟಿದ್ದರು ಅಂತ ಐಸಿಯು ಡಾಕ್ಟರಿಗೆ ಖಂಡಿತ ಹೇಳಿ.

ಎನ್‌ಜಿಎಎಲ್ ನಿಜವಾದ ಪರೀಕ್ಷೆಯೇ. ಪೆಟ್ಟು ಬಿದ್ದ ಕೆಲವೇ ಗಂಟೆಯಲ್ಲಿ ನಾಳಗಳು ಆ ಹೆಸರಿನ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತವೆ. ನೆಫ್ರೋಚೆಕ್ ಅಂತ ಇನ್ನೊಂದಿದೆ, ಎರಡು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುತ್ತದೆ, 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅವು ಉಪಯೋಗಕ್ಕೆ ಬರುವುದು ಪೆಟ್ಟು ಇನ್ನೂ ಕಾಣದಿದ್ದಾಗ, ಮುಂಚೆಯೇ ಎಚ್ಚರ ಆಗಲು. ದೊಡ್ಡ ಹೃದಯ ಆಪರೇಷನ್ ಆದ ಮೇಲೆ, ಹಾಗೆ. ನಿಮ್ಮ ಅಪ್ಪನಲ್ಲಿ ಉತ್ತರ ಆಗಲೇ ಬಂದಿದೆ. ಈಗ ಆ ಟೆಸ್ಟ್ ಮಾಡಿಸಿದರೆ ಗೊತ್ತಿರುವುದನ್ನೇ ದುಬಾರಿಯಾಗಿ ಕೇಳಿದ ಹಾಗೆ. ಆ ದುಡ್ಡು ಮುಂದೆ ಬೇಕಾಗುತ್ತದೆ, ಇಟ್ಟುಕೊಳ್ಳಿ.

ಕಾಯುವ ಬಗ್ಗೆ ತಮ್ಮನಿಗೆ ಹೇಳಿ, ಅದು ನಿರ್ಲಕ್ಷ್ಯ ಅಲ್ಲ. ಬೇಗ ಡಯಾಲಿಸಿಸ್ ಶುರು ಮಾಡಿದರೆ ಜಾಸ್ತಿ ಜನ ಉಳಿಯುತ್ತಾರಾ ಅಂತ ಸುಮಾರು 3,000 ರೋಗಿಗಳಲ್ಲಿ ನೋಡಿದ ಸ್ಟಾರ್ಟ್-ಎಕೆಐ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ವ್ಯತ್ಯಾಸ ಇರಲಿಲ್ಲ. ಕಾದವರಲ್ಲಿ ಎಷ್ಟೋ ಜನಕ್ಕೆ ಡಯಾಲಿಸಿಸ್ ಬೇಕೇ ಆಗಲಿಲ್ಲ. ಪೊಟ್ಯಾಶಿಯಂ ಔಷಧಿಗೆ ಬಗ್ಗದೆ ಏರಿದರೆ, ರಕ್ತದಲ್ಲಿ ಆಮ್ಲ ಏರಿದರೆ, ಶ್ವಾಸಕೋಶದಲ್ಲಿ ನೀರು ನಿಂತರೆ, ಯೂರಿಯಾ ಏರಿ ಮಂಪರು ಬಂದರೆ, ಆಗ ಒಂದು ಗಂಟೆಯೂ ಕಾಯಬಾರದು. ಕೇಳುವುದಿದ್ದರೆ ದಿನವೂ ಪೊಟ್ಯಾಶಿಯಂ ಎಷ್ಟು ಅಂತ ಕೇಳಿ.

---

ತೋಟದಮನೆ_ತಿಪಟೂರು (ಶನಿವಾರ, ಸಂಜೆ 5:10)

ಕ್ರಿಯಾಟಿನಿನ್ 3.4, ಪೊಟ್ಯಾಶಿಯಂ 6.3. ಔಷಧಿ ಕೊಟ್ಟರೂ ಇಳಿಯಲಿಲ್ಲ. ಈಗ ಡಯಾಲಿಸಿಸ್‌ಗೆ ಸಹಿ ಹಾಕಿ ಬಂದೆ. ಅಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ, ಒಂದು ಸಲ ಶುರು ಮಾಡಿದರೆ ಜೀವನಪೂರ್ತಿ ಮಾಡಿಸಬೇಕಾ ಅಂತ.

---

ಕಡಬದ_ಮಗಳು (ಶನಿವಾರ, ಸಂಜೆ 6:00)

ಅಮ್ಮನಿಗೆ ಫೋನ್ ಕೊಟ್ಟು ಇದನ್ನು ಓದಿ ಹೇಳಿ ಅಣ್ಣ.

ನಮ್ಮ ಅಮ್ಮನಿಗೆ ಮೂರು ವರ್ಷದ ಹಿಂದೆ ಇಲಿ ಜ್ವರ ಬಂತು. ಮಳೆಗಾಲ, ಗದ್ದೆ ಕೆಲಸ, ಕಾಲಿನಲ್ಲಿ ಒಡಕು. ಕಣ್ಣು ಹಳದಿ, ಮೂತ್ರ ನಿಂತೇ ಹೋಯಿತು. 6 ಸಲ ಡಯಾಲಿಸಿಸ್ ಆಯಿತು. ನಾನೂ ಇದೇ ಪ್ರಶ್ನೆ ಕೇಳಿ ಅತ್ತಿದ್ದೆ. ಇವತ್ತು ಅಮ್ಮ ಹಟ್ಟಿಯಲ್ಲಿ ದನದ ಕೆಲಸ ಮಾಡುತ್ತಿದ್ದಾಳೆ. ಡಯಾಲಿಸಿಸ್ ಯಾವುದೂ ಇಲ್ಲ. ಹಳೆ ಶುಗರಿನಿಂದ ನಿಧಾನಕ್ಕೆ ಕೆಟ್ಟ ಕಿಡ್ನಿ ಬೇರೆ, ಹೀಗೆ ಒಮ್ಮೆಲೇ ಪೆಟ್ಟು ತಿಂದ ಕಿಡ್ನಿ ಬೇರೆ ಅಂತ ನಮಗೆ ಡಾಕ್ಟರು ಹೇಳಿದ್ದರು. ನಾಳದ ಗೋಡೆ ಮತ್ತೆ ಬೆಳೆಯುತ್ತದಂತೆ, ಅಲ್ಲಿಯವರೆಗೆ ಮೆಷಿನ್ ಕೆಲಸ ಮಾಡಬೇಕು ಅಷ್ಟೇ.

ನಾನು ಕಲಿತದ್ದು ಒಂದಿದೆ. ಡಯಾಲಿಸಿಸ್ ಆದ ಮರುದಿನ ಕ್ರಿಯಾಟಿನಿನ್ ಇಳಿದದ್ದು ನೋಡಿ ನಾವು ಸಿಹಿ ಹಂಚುವಷ್ಟು ಖುಷಿಪಟ್ಟಿದ್ದೆವು. ಅದು ಮೆಷಿನ್ ಇಳಿಸಿದ್ದು, ಕಿಡ್ನಿ ಅಲ್ಲ. ಎರಡು ದಿನಕ್ಕೆ ಮತ್ತೆ ಏರಿತು, ನಾವು ಕುಸಿದುಹೋದೆವು. ಆಗ ಅಲ್ಲಿನ ಸಿಸ್ಟರ್ ಹೇಳಿದರು, ಇನ್ನು ಮೇಲೆ ಆ ಕಾಗದ ನೋಡಬೇಡ, ಬ್ಯಾಗ್ ನೋಡು ಅಂತ. ದಿನಕ್ಕೆ 80, 110, 150, 300, ಆಮೇಲೆ ಒಂದೇ ದಿನ 900. ಆ ಸಂಖ್ಯೆಗಳು ನನಗೆ ಈಗಲೂ ಬಾಯಿಪಾಠ.

---

ಡ್ಯೂಟಿಡಾಕ್ಟರ್_ದಾವಣಗೆರೆ (ಶನಿವಾರ, ರಾತ್ರಿ 8:45)

ಕಡಬದ ಅಕ್ಕ ಹೇಳಿದ್ದು ತುಂಬಾ ಮುಖ್ಯ. ಡಯಾಲಿಸಿಸ್ ನಡೆಯುವಾಗ ರಕ್ತದ ಕ್ರಿಯಾಟಿನಿನ್ ಕಿಡ್ನಿಯ ಬಗ್ಗೆ ಏನೂ ಹೇಳುವುದಿಲ್ಲ. ಮೂತ್ರವೇ ಸಾಕ್ಷಿ. ಔಷಧಿ ಇಲ್ಲದೆ ದಿನಕ್ಕೆ 400 ಎಂಎಲ್ ದಾಟಿದರೆ ಮೆಷಿನ್ ಬಿಡುವ ಬಗ್ಗೆ ಯೋಚಿಸಲು ಶುರು ಮಾಡುತ್ತೇವೆ. ಆಗ ಇನ್ನೊಂದು ಸರಳ ಲೆಕ್ಕ ಮಾಡುತ್ತೇವೆ. 4 ಗಂಟೆಯ ಮೂತ್ರವನ್ನು ಒಂದು ಹನಿ ಬಿಡದೆ ಹಿಡಿದು, ಅದರ ಕ್ರಿಯಾಟಿನಿನ್ ನೋಡುವುದು. ಉದಾಹರಣೆಗೆ 480 ಎಂಎಲ್ ಬಂದರೆ ನಿಮಿಷಕ್ಕೆ 2 ಎಂಎಲ್. ಮೂತ್ರದಲ್ಲಿ 40, ರಕ್ತದಲ್ಲಿ 4 ಇದ್ದರೆ, 2 ಗುಣಿಸು 40 ಭಾಗಿಸು 4, ಅಂದರೆ 20. ಕಿಡ್ನಿ ನಿಮಿಷಕ್ಕೆ 20 ಎಂಎಲ್ ರಕ್ತ ಶುಚಿ ಮಾಡುತ್ತಿದೆ. ರಕ್ತದ ಕ್ರಿಯಾಟಿನಿನ್ ಏರಿಳಿಯುವಾಗ ಇದು ಪಕ್ಕಾ ಅಲ್ಲ, ಆದರೆ ಆ್ಯಂಟಿಬಯಾಟಿಕ್ ಡೋಸ್ ನಿರ್ಧರಿಸಲು ಕೂಡ ಇದು ಫಾರ್ಮುಲಾಗಳಿಗಿಂತ ಮೇಲು.

ಅಮ್ಮನಿಗೆ ನಿಜ ಹೇಳಬೇಕು. ಕೊಳಕುಮಂಡಲದಲ್ಲಿ ಹೆಚ್ಚಿನವರ ಕಿಡ್ನಿ ವಾಪಸ್ ಬರುತ್ತದೆ. ಕೆಲವರಲ್ಲಿ ಹೊರಪದರವೇ ಸತ್ತುಹೋಗುತ್ತದೆ, ಅದು ಪೂರ್ತಿ ಬರುವುದಿಲ್ಲ. ಮೂರ್ನಾಲ್ಕು ವಾರವಾದರೂ ಮೂತ್ರ ಬರದಿದ್ದರೆ ಆಗ ಅದನ್ನು ಯೋಚಿಸುತ್ತಾರೆ. ಈಗಲೇ ಬೇಡ.

---

ತೋಟದಮನೆ_ತಿಪಟೂರು (16 ದಿನಗಳ ನಂತರ)

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. 5 ಸಲ ಡಯಾಲಿಸಿಸ್ ಆಯಿತು. ಹನ್ನೆರಡನೇ ದಿನದವರೆಗೆ ದಿನಕ್ಕೆ 200 ಎಂಎಲ್ ದಾಟಲಿಲ್ಲ. ಹದಿಮೂರಕ್ಕೆ 340. ಹದಿನಾಲ್ಕಕ್ಕೆ 760. ಅವತ್ತು ಸಿಸ್ಟರೇ ಹೊರಗೆ ಬಂದು ನನಗೆ ಹೇಳಿದರು, ಮುಖ ನೋಡಿಯೇ ಗೊತ್ತಾಯಿತು. ಆಮೇಲೆ ಒಂದು ದಿನ 3,400 ಬಂತು! ಅದೂ ಒಳ್ಳೆಯದಲ್ಲ ಅಂತ ಗೊತ್ತಿರಲಿಲ್ಲ. ನಾಳಗಳು ಇನ್ನೂ ಪೂರ್ತಿ ಬೆಳೆದಿಲ್ಲ, ನೀರು ಹಿಡಿಯಲು ಬರುವುದಿಲ್ಲ, ಉಪ್ಪು ಪೊಟ್ಯಾಶಿಯಂ ಎಲ್ಲ ಹರಿದುಹೋಗುತ್ತದೆ ಅಂತ ಮತ್ತೆ ಡ್ರಿಪ್ ಹಾಕಿ, ಪೊಟ್ಯಾಶಿಯಂ ಬಾಟಲಿಯಿಂದ ಕೊಟ್ಟರು. ಮೊದಲು ಅದೇ ಜಾಸ್ತಿ ಅಂತ ಡಯಾಲಿಸಿಸ್ ಮಾಡಿಸಿದ್ದೆವು. ಅಮ್ಮ ನಂಬಲೇ ಇಲ್ಲ.

ಕ್ಯಾಥೆಟರ್ ತೆಗೆದು ಮೂರು ದಿನ ಆಯಿತು. ಡಯಾಲಿಸಿಸ್ ಇಲ್ಲದೆಯೇ ಕ್ರಿಯಾಟಿನಿನ್ 2.1ಕ್ಕೆ ಇಳಿದಿದೆ. ನಾಳೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಏನು ನೋಡಿಕೊಳ್ಳಬೇಕು?

---

ರಾತ್ರಿಪಾಳಿ_ಸಿಸ್ಟರ್ (ಅದೇ ರಾತ್ರಿ)

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು.

ಗೆರೆ ಇರುವ ಒಂದು ಜಗ್ ಅಪ್ಪನಿಗೇ ಅಂತ ಇಡಿ. ಎರಡು ವಾರ ದಿನದ ಮೂತ್ರ, ಕುಡಿದ ನೀರು, ಬೆಳಗಿನ ತೂಕ, ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ. ಒಮ್ಮೆಲೇ ಕಡಿಮೆ ಆದರೆ, ಕಾಲು ಊದಿದರೆ, ಉಸಿರು ಕಟ್ಟಿದರೆ ಕಾಯಬೇಡಿ. ನೋವಿನ ಮಾತ್ರೆ ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ, ಮೈಕೈ ನೋವು ಅಂದರೂ ಸರಿ. ಮೂರು ತಿಂಗಳಾದ ಮೇಲೆ ಒಂದು ಸಲ ಕ್ರಿಯಾಟಿನಿನ್ ಜೊತೆ ಮೂತ್ರದ ಅಲ್ಬುಮಿನ್ (ಪ್ರೋಟೀನ್) ಪರೀಕ್ಷೆ ಮಾಡಿಸಲೇಬೇಕು. ಕಿಡ್ನಿಯಲ್ಲಿ ಕಲೆ ಉಳಿದಿದ್ದರೆ ಅದರಲ್ಲಿ ಮೊದಲು ಕಾಣುತ್ತದೆ. ಚೆನ್ನಾಗಿದ್ದಾರೆ ಅಂತ ಆ ಪರೀಕ್ಷೆಗೆ ಬರದೇ ಇರುವವರೇ ಜಾಸ್ತಿ.

---

ತೋಟದಮನೆ_ತಿಪಟೂರು (ಎರಡು ದಿನಗಳ ನಂತರ)

ಮನೆಗೆ ಬಂದೆವು ಸಿಸ್ಟರ್. ಅಮ್ಮ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲೇ ಬರೆಯುತ್ತಿದ್ದಾಳೆ. ನಿನ್ನೆ 2,100, ಇವತ್ತು 1,900. ಬಣ್ಣ ತಿಳಿ. ತೂಕ 54. ಪಂಪ್‌ಹೌಸ್ ಪಕ್ಕದ ಗರಿ ರಾಶಿ ತೆಗೆಸಿ ಲೈಟ್ ಹಾಕಿಸಿದೆ.